ಜಾತ್ರೆಗೆ ಹೋದ ಮಗು ಏನು ಕಲಿತು?

‘ನಾನು ಕಂಡ ಜಾತ್ರೆ’ ಎಂಬ ಪ್ರಬಂಧ ಬರೆಯದ ಮಗು ನಮ್ಮ ಕಡೆ ಯಾವ ಶಾಲೆಯಲ್ಲಿದ್ದೀತು? ಎಲ್ಲವೂ ಬರೆಯುತ್ತವೆ. ಆದರೆ ಒಂದು ತರಗತಿಯ ಪ್ರಬಂಧಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿ ನೋಡಿ. ಬನಶಂಕರಿಯಲ್ಲಿ ಅಪ್ಪನ ಹೆಗಲೇರಿ ತೇರು ಕಂಡ ಮಗುವೂ, ಜ್ವರ ಬಂದು ಮನೆಯಲ್ಲೇ ಮಲಗಿದ್ದ ಮಗುವೂ ಬರೆದದ್ದು ಒಂದೇ ಸಾಲು! ಅದು ಗೈಡಿನಲ್ಲಿದ್ದ ಸಾಲು. ಅಂಕವೇನೋ ಬರುತ್ತದೆ. ಆದರೆ ಮಗು ಕಣ್ಣಾರೆ ಕಂಡದ್ದು ಎಲ್ಲಿ ಹೋಯಿತು?

ಈ ಪ್ರಶ್ನೆಯನ್ನು ತಾಯಂದಿರಾದ ನಾವು ಕೇಳಿಕೊಳ್ಳಬೇಕು. ಸ್ವಂತವಾಗಿ ಯೋಚಿಸುವುದೆಂದರೆ ಚಿತ್ರ ಬಿಡಿಸುವುದು, ಹಾಡು ಹೇಳುವುದು ಮಾತ್ರವಲ್ಲ. ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳುವುದು, ‘ಇದು ಹೀಗೇ ಯಾಕೆ?’ ಎಂದು ಕೇಳುವುದು, ‘ಬೇರೆ ರೀತಿ ಮಾಡಿದರೆ ಏನಾದೀತು?’ ಎಂದು ಮಾಡಿ ನೋಡುವುದು. ಇದನ್ನು ಕಲಿಸಲು ದುಡ್ಡು ಬೇಡ, ದೊಡ್ಡ ಶಾಲೆಯೂ ಬೇಡ. ನಮ್ಮ ಜಾತ್ರೆ, ನಮ್ಮ ಸೀರೆ, ನಮ್ಮ ಗುಡಿಗಳೇ ಸಾಕು.

ಪಲ್ಯದ ಹಬ್ಬದ ಪಾಠ

ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದ ಚೊಳಚಗುಡ್ಡದ ಬಳಿ ಬನಶಂಕರಿಯ ಗುಡಿ ಇದೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಅಲ್ಲಿ ತೇರು. ಅದಕ್ಕೂ ಮುಂಚೆ ಪಲ್ಯದ ಹಬ್ಬ. ದೇವಿಗೆ 108 ಬಗೆಯ ತರಕಾರಿ ಅಡಿಗೆಯ ನೈವೇದ್ಯ. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಜನರನ್ನು ಕಾಪಾಡಿದ ಶಾಕಂಭರಿ ಆಕೆ ಎಂದು ಪುರಾಣದ ಮಾತು.

ಈ ಕತೆಯನ್ನು ಹೇಳಿ ಸುಮ್ಮನಾಗಬೇಡಿ. ಸಂತೆಯಿಂದ ತಂದ ತರಕಾರಿಯನ್ನು ಮಗುವಿನ ಮುಂದೆ ಸುರಿದು, ‘ಇದರಾಗ ಬೇರು ಯಾವುದು, ಎಲಿ ಯಾವುದು, ಹೂವು ಯಾವುದು, ಕಾಯಿ ಯಾವುದು? ಬ್ಯಾರೆ ಬ್ಯಾರೆ ಮಾಡು ನೋಡೋಣು’ ಎನ್ನಿ. ಗಜ್ಜರಿ, ಮೂಲಂಗಿ ಬೇರು, ಮೆಂತ್ಯೆ, ರಾಜಗಿರಿ ಎಲೆ, ಹೂಕೋಸು ಹೂವು, ಹೀರೇಕಾಯಿ, ಬದನೆಕಾಯಿ ಕಾಯಿ. ಆಲೂಗಡ್ಡೆ ಬಂದಾಗ ಮಗು ‘ಬೇರು’ ಎಂದೀತು. ಆಗ ‘ತಪ್ಪು’ ಎಂದು ಗದರಬೇಡಿ. ಒಂದು ಗಡ್ಡೆಯನ್ನು ಮೂಲೆಯಲ್ಲಿಡಿ. ನಾಲ್ಕು ದಿನ ಬಿಟ್ಟು ಅದರ ಕಣ್ಣುಗಳಲ್ಲಿ ಮೊಳಕೆ ಒಡೆದಾಗ ತೋರಿಸಿ. ಹಾಗೆ ಕಣ್ಣಿದ್ದು ಚಿಗುರುವುದು ಕಾಂಡದ ಗುಣ. ಆಲೂಗಡ್ಡೆ ಮಣ್ಣೊಳಗೆ ದಪ್ಪಗಾದ ಕಾಂಡ. ಹೀಗೆ ತಾನೇ ಕಂಡು ತಿದ್ದಿಕೊಂಡದ್ದನ್ನು ಮಗು ಸುಲಭಕ್ಕೆ ಮರೆಯುವುದಿಲ್ಲ.

ಜಾತ್ರೆಯ ಇನ್ನೊಂದು ಸೊಗಸು ನಾಟಕ. ಕಂಪನಿಗಳು ಥಿಯೇಟರು ಹಾಕಿ ದಿನಗಟ್ಟಲೆ ಆಡುತ್ತವೆ. ಮಕ್ಕಳನ್ನು ಕರೆದುಕೊಂಡು ಹೋದರೆ ಮರುದಿನ ರೊಟ್ಟಿ ಬಡಿಯುತ್ತಲೇ ಕೇಳಿ: ‘ಆ ಸಾವುಕಾರ ಯಾಕ ಹಂಗ ಮಾಡಿದ? ನೀ ಆ ಕತಿ ಬರದಿದ್ರ ಕಡೀಕ ಏನ ಮಾಡ್ತಿದ್ದಿ?’ ಮಗುವಿನ ಉತ್ತರ ಕೇಳಿ ನಗು ಬಂದರೂ ಅಣಕಿಸಬೇಡಿ. ಒಮ್ಮೆ ಅಣಕಿಸಿದರೆ ಮುಂದಿನ ಸಲ ಅದು ಬಾಯಿ ತೆರೆಯಲಿಕ್ಕಿಲ್ಲ.

ಸೂಜಿ ಹೇಳುವ ಗಣಿತ

ಟ್ರಂಕಿನಲ್ಲಿ ಅಜ್ಜಿಯ ಇಳಕಲ್ ಸೀರೆ ಇದ್ದರೆ ಹೊರಗೆ ತೆಗೆಯಿರಿ. ಅದರ ಸೆರಗಿನ ವಿನ್ಯಾಸಗಳಿಗೆ ನೇಕಾರರು ಇಟ್ಟ ಹೆಸರುಗಳನ್ನು ಗಮನಿಸಿ. ಒಂದು ಹಣಿಗೆಯ ಹಲ್ಲು, ಇನ್ನೊಂದು ಕೋಟೆಯ ಗೋಡೆ, ಮತ್ತೊಂದು ಜೋಳದ ತೆನೆ. ದಿನವೂ ಎಲ್ಲರ ಕಣ್ಣಿಗೆ ಬೀಳುವ ವಸ್ತುಗಳೇ ಅವು. ಅದರಲ್ಲಿ ಸೆರಗನ್ನು ಕಂಡವನು ಮಾತ್ರ ನೇಕಾರ!

ಕಸೂತಿಯಂತೂ ಇನ್ನೂ ದೊಡ್ಡ ಪಾಠ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಅದರಲ್ಲಿ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ದಾರಕ್ಕೆ ಗಂಟೂ ಇಲ್ಲ. ಗವಂತಿಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಹೋಗುತ್ತದೆ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಹೊರಟಲ್ಲಿಗೇ ಮರಳುತ್ತದೆ. ಹಿಂದೆ ಮುಂದೆ ಎರಡೂ ಬದಿ ಒಂದೇ ಸಮ. ಯಾವ ದಾರಿಯಲ್ಲಿ ಹೋದರೆ ಮರಳಲು ಸಾಧ್ಯ ಎಂದು ಮೊದಲೇ ಯೋಚಿಸದಿದ್ದರೆ ದಾರ ನಡುವೆ ಸಿಕ್ಕಿಬೀಳುತ್ತದೆ. ಶಾಲೆ ಕಾಣದ ನಮ್ಮ ಅಜ್ಜಿಯರು ಮಾಡುತ್ತಿದ್ದುದು ಗಣಿತವಲ್ಲದೆ ಮತ್ತೇನು?

ಮಗುವಿಗೆ ಚೌಕುಳಿ ಹಾಳೆಯ ಲೆಕ್ಕದ ಪುಸ್ತಕ ಕೊಟ್ಟು ಒಂದು ಸಣ್ಣ ಗೋಪುರ ಬರೆಸಿ. ‘ಪೆನ್ಸಿಲ್ ಎತ್ತದಂಗ ಎಲ್ಲಾ ಗೆರಿ ಎರಡೆರಡು ಸಲ ತಿದ್ದಿ, ಸುರು ಮಾಡಿದಲ್ಲೇ ಬಂದು ಮುಟ್ಟು’ ಎನ್ನಿ. ಅರ್ಧ ಗಂಟೆ ಮನೆ ನಿಶ್ಶಬ್ದ! ಗಂಡುಹುಡುಗರಿಗೂ ಕೊಡಿ.

ಕಲ್ಲಿನಲ್ಲೂ ಪ್ರಯೋಗ

ಜಾತ್ರೆಗೆ ಬಂದವರು ಐಹೊಳೆ, ಪಟ್ಟದಕಲ್ಲುಗಳನ್ನೂ ನೋಡಿ ಹೋಗುತ್ತಾರೆ. ಐಹೊಳೆಯ ಲಾಡಖಾನ್ ಗುಡಿಯ ಮಾಳಿಗೆಯನ್ನು ಕಟ್ಟಿಗೆಯ ಮಾಳಿಗೆಯಂತೆ ಕಲ್ಲಿನಲ್ಲಿ ಕಟ್ಟಿದ್ದಾರೆ. ಅಲ್ಲೇ ದುರ್ಗದ ಗುಡಿಯ ಹಿಂಬದಿ ಆನೆಯ ಬೆನ್ನಿನಂತೆ ಗುಂಡಗಿದೆ. ಪಟ್ಟದಕಲ್ಲಿನಲ್ಲಿ ಉತ್ತರದ ಶೈಲಿಯ ಶಿಖರವೂ ದಕ್ಷಿಣದ ಶೈಲಿಯ ವಿಮಾನವೂ ಒಂದೇ ಅಂಗಳದಲ್ಲಿ ನಿಂತಿವೆ. ಅಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ಒಬ್ಬ ಹೆಣ್ಣುಮಗಳು, ರಾಣಿ ಲೋಕಮಹಾದೇವಿ. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಚಾಲುಕ್ಯರ ಶಿಲ್ಪಿಗಳು ಹಿಂದಿನದನ್ನೇ ನಕಲು ಮಾಡುತ್ತ ಕೂತಿದ್ದರೆ ನೋಡಲು ಒಂದೇ ಬಗೆಯ ಗುಡಿ ಇರುತ್ತಿತ್ತು. ಮಗುವಿಗೆ ಇಸವಿ ಬಾಯಿಪಾಠ ಮಾಡಿಸುವ ಮುನ್ನ, ‘ಈ ಎರಡು ಗುಡಿ ನಡುವ ಏನೇನ ಫರಕು ಐತಿ?’ ಎಂದು ಕೇಳಿ.

ಶಾಲೆಯಲ್ಲಿ ಏನು ನಡೆದಿದೆ?

ಈ ವಿಚಾರ ಶಾಲೆಗಳಿಗೂ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಕಾರಿ ಶಾಲೆಗಳಲ್ಲಿ ‘ನಲಿ-ಕಲಿ’ ಶುರುವಾಯಿತು. ಹಾಡು, ಆಟ, ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವ ಪದ್ಧತಿ ಅದು. ಮುಂದೆ ರಾಜ್ಯದ ಇತರ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೂ ಹಬ್ಬಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಬಾಯಿಪಾಠ ಬಿಟ್ಟು ಶಾಲೆಯ ಹೊರಗಿನ ಬದುಕಿನೊಡನೆ ಕಲಿಕೆಯನ್ನು ಜೋಡಿಸಿ ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಬಳಿ ಕಲಿಯಲಿ ಎಂದು ಸೂಚಿಸಿತು. ಇಳಕಲ್, ಗುಳೇದಗುಡ್ಡದ ಮಗ್ಗಗಳಿರುವ ನಮಗೆ ಇದೇನು ಕಷ್ಟ? ಪಾಲಕರ ಸಭೆ ಕರೆದಾಗ ಬರೀ ಅಂಕ ಕೇಳಿ ಬರಬೇಡಿ. ‘ಮಕ್ಕಳನ್ನ ಒಂದು ದಿನ ಮಗ್ಗದ ಮನೀಗೆ ಕರ್ಕೊಂಡು ಹೋಗೂಣೇನ್ರಿ ಸರ?’ ಎಂದು ಕೇಳಿ ನೋಡಿ.

‘ಇದೆಲ್ಲಾ ಛಲೋನ ಐತ್ರಿ, ಆದ್ರ ಮಾರ್ಕ್ಸು?’ ಎನ್ನುವಿರಾ? ನ್ಯಾಯವಾದ ಚಿಂತೆಯೇ. ಮಗ್ಗಿ ಬಾಯಿಗೆ ಬರಬೇಕು, ಕಾಗುಣಿತ ತಪ್ಪಬಾರದು. ಎಳೆ ಎಣಿಸಲು ಬಾರದವಳಿಗೆ ಕಸೂತಿ ಬಂದೀತೇ? ಆದರೆ ಬರೀ ಎಳೆ ಎಣಿಸುತ್ತ ಕೂತರೂ ತೇರು ಮೂಡುವುದಿಲ್ಲ. ಮಗ್ಗಿಯೂ ಬೇಕು, ಮಗ್ಗಿಯನ್ನು ಎಲ್ಲಿ ಬಳಸಬೇಕೆಂಬ ಬುದ್ಧಿಯೂ ಬೇಕು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಗೈಡು ಓದಿದ ಮಗು ತಬ್ಬಿಬ್ಬಾಗುತ್ತದೆ. ತಿಳಿದು ಓದಿದ್ದು ದಾರಿ ಹುಡುಕುತ್ತದೆ.

ಕೊನೆಗೊಂದು ಮಾತು, ಅದೂ ಹೆಣ್ಣುಮಕ್ಕಳ ಬಗ್ಗೆ. ಮಗ ಹಳೆಯ ಟಾರ್ಚು ಬಿಚ್ಚಿ ಹರವಿಕೊಂಡು ಕೂತರೆ ‘ಶಾಣ್ಯಾ ಅದಾನ’ ಎನ್ನುತ್ತೇವೆ. ಮಗಳು ಅದನ್ನೇ ಮಾಡಿದರೆ ‘ಬಿಡು, ಬಾಂಡೆ ತಿಕ್ಕು ಬಾ’ ಎನ್ನುತ್ತೇವೆ. ಅವಳು ಕೇಳುವ ‘ಯಾಕ’ ಎಂಬ ಪ್ರಶ್ನೆಗೆ ‘ಹೆಚ್ಚಿಗಿ ಮಾತಾಡಬ್ಯಾಡ’ ಎಂಬ ಉತ್ತರ ಸಿಕ್ಕಿ ಸಿಕ್ಕಿ ಹತ್ತು ವರ್ಷಕ್ಕೆ ಆ ಪ್ರಶ್ನೆಯೇ ಒಣಗಿಹೋಗುತ್ತದೆ. ಆಮೇಲೆ ಎಂಥ ಒಳ್ಳೆಯ ಮಾಸ್ತರು ಬಂದರೂ ಚಿಗುರಿಸುವುದು ಕಷ್ಟ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ‘ಎಷ್ಟು ಮಾರ್ಕ್ಸು ಬಿತ್ತು?’ ಎಂದು ಕೇಳುವ ಬದಲು, ‘ಇವತ್ತ ಮಾಸ್ತರಿಗೆ ಏನ ಕೇಳಿದಿ?’ ಎಂದು ಕೇಳಿರಿ. ಉತ್ತರ ನಿಮಗೆ ಗೊತ್ತಿಲ್ಲದಿದ್ದರೆ ‘ನನಗೂ ಗೊತ್ತಿಲ್ಲವಾ, ಇಬ್ಬರೂ ಹುಡುಕೋಣು’ ಎನ್ನಿ. ಅದರಿಂದ ತಾಯಿಯ ಬೆಲೆ ಕಡಿಮೆಯಾಗುವುದಿಲ್ಲ, ಮಗುವಿನ ಧೈರ್ಯ ಹೆಚ್ಚುತ್ತದೆ.