ಎಲೆ ಉದುರೋದು ಯಾವ ಕಾಲದಲ್ಲಿ?

ಇವತ್ತಿನ ವಿಷಯ ಸಮಗ್ರ ಶಿಕ್ಷಣ. ಪದ ದೊಡ್ಡದು. ಅದಕ್ಕೇ ನಮ್ಮನೆಯ ಒಂದು ಸಣ್ಣ ಸಂಗತಿಯಿಂದ ಶುರು ಮಾಡ್ತೀನಿ.

ನಾವು ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಹೋದ ವರ್ಷ ದಸರಾ ರಜೆಗೆ ಮುಂಚೆ ಮಗಳ ಪರಿಸರ ಪಾಠದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ: ಮರಗಳು ಎಲೆ ಉದುರಿಸುವುದು ಯಾವಾಗ? ಇವಳು ‘ಮಾರ್ಚ್’ ಅಂತ ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆ. ಸರಿ ಉತ್ತರ ‘ಆಟಮ್’.

“ಅಪ್ಪಾ, ಪಾರ್ಕಿಂಗ್ ಹತ್ರ ಇರೋ ಮರ ಮಾರ್ಚಲ್ಲೇ ಉದುರಿಸ್ತಲ್ವಾ? ನಮ್ಮ ಕಾರಿನ ಮೇಲೆಲ್ಲಾ ಎಲೆ ಬಿದ್ದಿತ್ತು” ಅಂದಳು.

ನಾನು ಲ್ಯಾಪ್‌ಟಾಪಿಂದ ತಲೆ ಎತ್ತದೇ ಹೇಳಿದೆ: “ಪುಸ್ತಕದಲ್ಲಿ ಏನಿದೆಯೋ ಅದನ್ನೇ ಬರಿ ಪುಟ್ಟಾ, ಸುಮ್ನೆ ಮಾರ್ಕ್ಸ್ ಹೋಗುತ್ತೆ.”

ಆ ಮಾತು ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತೆ. ಕಣ್ಣಾರೆ ಕಂಡದ್ದನ್ನು ನಂಬಬೇಡ ಅಂತ ನಾನೇ ಹೇಳಿಕೊಟ್ಟ ಹಾಗಾಯ್ತು. ಇನ್ನೊಂದು ವಿಷಯ, ದಿನಾ ಅದರ ನೆರಳಲ್ಲೇ ಕಾರು ನಿಲ್ಲಿಸುವ ನನಗೆ ಆ ಮರದ ಹೆಸರೂ ಗೊತ್ತಿರಲಿಲ್ಲ.

ದೀಪಾವಳಿಗೆ ತಿಪಟೂರಿಂದ ಅಪ್ಪ ಬಂದರು. ಮೊಮ್ಮಗಳು ತಾತನ ಕೈ ಹಿಡಿದು ಮರದ ಹತ್ತಿರ ಕರ್ಕೊಂಡು ಹೋದಳು. “ಇದು ಹೊಂಗೆ ಕಣೋ! ತೆಂಗಿನ ಬುಡಕ್ಕೆ ಇದರ ಹಿಂಡಿನೇ ಅಲ್ವಾ ನಾವು ಹಾಕ್ತಿದ್ದಿದ್ದು?” ಅಂತ ನನ್ನ ಮುಖ ನೋಡಿದರು. ಪ್ರಶ್ನೆಪತ್ರಿಕೆ ತೋರಿಸಿದಾಗ ನಕ್ಕರು. “ಮಗು ಸರಿಯಾಗೇ ಬರೆದಿದೆ. ಈಗ ಶರದೃತು. ಒಂದು ಎಲೆನಾದ್ರೂ ಹಣ್ಣಾಗಿದೆಯಾ ನೋಡು. ನಮ್ಮಲ್ಲಿ ಎಲೆ ಉದುರೋದು ಶಿಶಿರದಲ್ಲಿ. ಯುಗಾದಿ ಹೊತ್ತಿಗೆ ಚಿಗುರು.”

ಇಲ್ಲೇ ವಿಜ್ಞಾನ ಇದೆ, ನೋಡಿ. ಯುರೋಪಿನಂಥ ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ಬಿಸಿಲು ಕಡಿಮೆ, ನೆಲದ ನೀರು ಹೆಪ್ಪುಗಟ್ಟುತ್ತೆ. ಅದಕ್ಕೇ ಮರಗಳು ಅದಕ್ಕೆ ಮುಂಚೆ, ಅಂದ್ರೆ ಆಟಮ್‌ನಲ್ಲಿ ಎಲೆ ಕಳಚುತ್ತವೆ. ನಮ್ಮ ದಖ್ಖನ್‌ನಲ್ಲಿ ಮರಕ್ಕೆ ಕಷ್ಟ ಬರೋದು ಚಳಿಯಿಂದ ಅಲ್ಲ, ಒಣಹವೆಯಿಂದ. ಮಳೆಗಾಲ ಮುಗಿದ ಮೇಲೆ ಮಣ್ಣಿನ ತೇವ ಇಳೀತಾ ಹೋಗುತ್ತೆ. ಎಲೆಗಳ ಮೂಲಕ ನೀರು ಆವಿಯಾಗಿ ಹೋಗುವುದರಿಂದ, ಹಳೇ ಎಲೆ ಕಳಚಿದರೆ ಮರಕ್ಕೆ ನೀರಿನ ಉಳಿತಾಯ. ಮಾಘ-ಫಾಲ್ಗುಣವೇ ಶಿಶಿರ. ನಮ್ಮ ಪಂಚಾಂಗದ ಆರು ಋತುಗಳು ಈ ನೆಲ ನೋಡಿ ಮಾಡಿದ್ದು. ಪುಸ್ತಕದ ನಾಲ್ಕು ಸೀಸನ್‌ಗಳು ಬೇರೆ ನೆಲದವು.

ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕು ಅಂತ 1991ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಪಾಠ ಬಂತು, ಆದರೆ ಎಷ್ಟೋ ಕಡೆ ಬಿಟ್ಟ ಸ್ಥಳ ತುಂಬಿಸುವುದರಲ್ಲೇ ನಿಂತಿತು. ಟೀಚರ್‌ಗಳನ್ನು ಬೈದು ಪ್ರಯೋಜನ ಇಲ್ಲ. ಒಂದು ಕ್ಲಾಸಿಗೆ ನಲವತ್ತು ಮಕ್ಕಳು, ಮುಗಿಸಲೇಬೇಕಾದ ಸಿಲಬಸ್ಸು.

ಬೇರೆ ದಾರಿ ಹುಡುಕಿದವರೂ ಇದ್ದಾರೆ. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿಬಂದರು. ಅದರಿಂದ ಹುಟ್ಟಿದ್ದೇ ‘ನಲಿ-ಕಲಿ’. ಮಗು ತನ್ನದೇ ವೇಗದಲ್ಲಿ, ಆಡಿ, ಹಾಡಿ, ಮಾಡಿ ಕಲಿಯುವ ಪದ್ಧತಿ. ಸಮಗ್ರ ಶಿಕ್ಷಣ ಅಂದ್ರೆ ನನ್ನ ಪ್ರಕಾರ ಇಷ್ಟೇ: ತಲೆ, ಕೈ, ಮನಸ್ಸು ಮೂರೂ ಒಟ್ಟಿಗೆ ಕೆಲಸ ಮಾಡಬೇಕು. ಅದಕ್ಕೆ ಒಂದು ಮರ ಸಾಕು.

ನಾವು ಮಾಡಿದ್ದು ಹೀಗೆ. ‘ಸೀಸನ್‌ವಾಚ್’ ಅಂತ ಒಂದು ಯೋಜನೆ ಇದೆ. ಶಾಲಾಮಕ್ಕಳು, ದೊಡ್ಡವರು ಒಂದೊಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಗಮನಿಸಿ ಬರೆದಿಡ್ತಾರೆ. ಅದೇ ರೀತಿ ಮಗಳು ಒಂದು ನೋಟ್‌ಬುಕ್ ಇಟ್ಟಳು. ಪ್ರತಿ ಭಾನುವಾರ ಚಿಗುರು, ಬಲಿತ ಎಲೆ, ಹಣ್ಣೆಲೆ, ಮೊಗ್ಗು, ಹೂ, ಕಾಯಿ ಅಂತ ಸಾಲುಗಳು. ಎದುರಿಗೆ ‘ಇಲ್ಲ’, ‘ಸ್ವಲ್ಪ’, ‘ತುಂಬಾ’. ಐದು ನಿಮಿಷದ ಕೆಲಸ. ಒಂದೆರಡು ತಿಂಗಳಾದ ಮೇಲೆ ಬಂದ ಜೇನು, ಎಲೆ ಮೇಲಿನ ಗಂಟು, ಎಲ್ಲಾ ಅವಳ ಕಣ್ಣಿಗೆ ಬೀಳೋಕೆ ಶುರುವಾಯ್ತು.

ನೀವೂ ಮಾಡಬಹುದು. ಮಕ್ಕಳನ್ನು ಕೆಳಗೆ ಕರ್ಕೊಂಡು ಹೋಗಿ, ಮರದ ಹೆಸರನ್ನು ವಾಚ್‌ಮನ್ನನ್ನೋ ಮಾಲಿಯನ್ನೋ ಕೇಳಿ. ನಮ್ಮ ಹೊಂಗೆ ಪುಣೆಯಲ್ಲಿ ಕರಂಜ, ಹೈದರಾಬಾದಿನಲ್ಲಿ ಕಾನುಗ, ಚೆನ್ನೈನಲ್ಲಿ ಪುಂಗ. ಊರು ಬಿಟ್ಟು ಬಂದವರು ನಾವು ಅಂದ್ಕೊಂಡಿರ್ತೀವಿ. ಊರಿನ ಮರ ನಮ್ಮ ಪಾರ್ಕಿಂಗಲ್ಲೇ ಬೇರೆ ಹೆಸರಲ್ಲಿ ನಿಂತಿರುತ್ತೆ.

ಮೊದಲು ತಾತನ ಫೋನ್ ಬಂದರೆ ಮಗಳು “ಊಟ ಆಯ್ತಾ, ಚೆನ್ನಾಗಿದ್ದೀನಿ” ಅಂತ ನನ್ನ ಕೈಗೆ ಕೊಟ್ಟುಬಿಡ್ತಿದ್ದಳು. ಮುಂದಕ್ಕೆ ಮಾತಾಡೋಕೆ ಕನ್ನಡವೂ ಸಾಲ್ತಿರಲಿಲ್ಲ, ವಿಷಯವೂ ಇರಲಿಲ್ಲ. ಈ ಸಲ ಯುಗಾದಿಗೆ ಎರಡು ದಿನ ಮುಂಚೆ ಅವಳೇ ಫೋನ್ ಮಾಡಿದಳು.

“ತಾತಾ, ನಮ್ಮ ಹೊಂಗೆ ಚಿಗುರಿತು. ತುಂಬಾ ಅಲ್ಲ, ಸ್ವಲ್ಪ. ನಿಮ್ದು?”

ಆ ಕಡೆಯಿಂದ ಉತ್ತರ ತಕ್ಷಣ ಬರಲಿಲ್ಲ. ಚಪ್ಪಲಿ ಸದ್ದು ಕೇಳಿಸ್ತು. ಅಪ್ಪ ಬೇಲಿ ಹತ್ತಿರ ನೋಡೋಕೆ ಹೋಗಿದ್ದರು.