ಹಾರುವ ಖುಷಿ, ಹಿಂತಿರುಗುವ ಧೈರ್ಯ

ಬೆಳಗಾವಿಯ ಪೂರ್ವಕ್ಕಿರುವ ಸಾಂಬ್ರಾಗೆ ವಿಮಾನ ಹೊಸದಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1942ರಲ್ಲಿ, ಬ್ರಿಟಿಷರ ವಾಯುಪಡೆ ತರಬೇತಿಗಾಗಿ ಕಟ್ಟಿದ ನಿಲ್ದಾಣ ಅದು. ಈಗಲೂ ಭಾರತೀಯ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಅಲ್ಲಿದೆ. 2021ರಲ್ಲಿ ಪೈಲಟ್ ತರಬೇತಿ ಶಾಲೆಗಳಿಗೆಂದು ಕೇಂದ್ರ ಸರ್ಕಾರ ದೇಶದ ಐದು ನಿಲ್ದಾಣಗಳನ್ನು ಆರಿಸಿದಾಗ ಕರ್ನಾಟಕದಿಂದ ಬೆಳಗಾವಿ ಮತ್ತು ಕಲಬುರಗಿಗೆ ಜಾಗ ಸಿಕ್ಕಿತು. ಅಂದಿನಿಂದ ಒಂದೇ ಎಂಜಿನ್ನಿನ ಪುಟ್ಟ ವಿಮಾನಗಳು ಸುತ್ತಲಿನ ಹೊಲಗಳ ಮೇಲೆ ಹಾರುವುದು ಊರಿನವರಿಗೆ ರೂಢಿಯಾಗಿದೆ. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಬಂದರೆ, ಹದಿನೆಂಟು ವಿಧಾನಸಭಾ ಕ್ಷೇತ್ರಗಳ ಈ ಜಿಲ್ಲೆಗೆ ಚುನಾವಣೆ ಬಂದರೆ, ಹೆಲಿಕಾಪ್ಟರುಗಳೂ ಬರುತ್ತವೆ. ಇವು ಎಷ್ಟು ಸುರಕ್ಷಿತ ಎಂಬ ಪ್ರಶ್ನೆ ಎಲ್ಲೋ ಅಪಘಾತವಾದಾಗಲೆಲ್ಲ ಏಳುತ್ತದೆ, ನಾಲ್ಕು ದಿನದಲ್ಲಿ ಅಡಗುತ್ತದೆ. ಅಪಘಾತಗಳ ದಾಖಲೆಯನ್ನು ಸಾವಕಾಶವಾಗಿ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಈ ಯಂತ್ರಗಳು ನಾವು ಹೆದರುವಷ್ಟು ದುರ್ಬಲವಲ್ಲ. ಹೆಚ್ಚಿನ ಸಾವು ಬರುವುದು, ಹಾರಬಾರದ ಹೊತ್ತಿನಲ್ಲಿ ಹಾರಿದ್ದರಿಂದ ಅಥವಾ ಹಿಂತಿರುಗಬೇಕಾದ ಜಾಗದಲ್ಲಿ ಮುಂದೆ ಹೋದದ್ದರಿಂದ.

ಸಣ್ಣ ವಿಮಾನದ ಆಕರ್ಷಣೆಯನ್ನು ಹಗುರವಾಗಿ ಕಾಣಬಾರದು. ದೊಡ್ಡ ವಿಮಾನದಲ್ಲಿ ಪ್ರಯಾಣಿಕನಿಗೆ ಸಿಗುವುದು ಒಂದು ಕುರ್ಚಿ, ಅದೃಷ್ಟವಿದ್ದರೆ ಕಿಟಕಿ. ತರಬೇತಿ ಶಾಲೆಗಳಲ್ಲಿ ಸಾಮಾನ್ಯವಾದ ಸೆಸ್ನಾ 172 ನಾಲ್ಕು ಸೀಟಿನದು, ತೂಕ ತುಂಬಿದಾಗಲೂ ಸುಮಾರು 1,100 ಕಿಲೋ. ಗಾಳಿಯ ಒಂದೊಂದು ಏರಿಳಿತವೂ ಅದರಲ್ಲಿ ಕೂತವರ ಮೈಗೆ ತಾಗುತ್ತದೆ. ಮಳೆ ನಿಂತ ಮೇಲಿನ ಒಂದು ಸ್ವಚ್ಛ ಬೆಳಿಗ್ಗೆ ಮೂರು ಸಾವಿರ ಅಡಿ ಮೇಲಿಂದ ನೋಡುವವರಿಗೆ ಈ ಜಿಲ್ಲೆಯ ಭೂಗೋಳ ಒಂದೇ ನೋಟಕ್ಕೆ ತೆರೆದುಕೊಳ್ಳುತ್ತದೆ: ಪೂರ್ವಕ್ಕೆ ಬೈಲಹೊಂಗಲದತ್ತ ಹರಡಿದ ಕರಿಮಣ್ಣಿನ ಬಯಲು, ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿ, ಭೀಮಗಡದ ಕಾಡು. ವಿಮಾನ ಕಲಿಯುವವರಿಗೆ ಮೊದಲು ಕಲಿಸುವ ಪಾಠ ಮಾತ್ರ ನೆಲದ ಮೇಲಿನದು. ಹಾರುವ ಮುನ್ನ ವಿದ್ಯಾರ್ಥಿ ವಿಮಾನವನ್ನು ಒಂದು ಸುತ್ತು ಹಾಕಿ, ರೆಕ್ಕೆಯ ಕೆಳಗಿನ ಸಣ್ಣ ಕವಾಟ ಒತ್ತಿ, ಪಾರದರ್ಶಕ ಲೋಟಕ್ಕೆ ಒಂದಿಷ್ಟು ಇಂಧನ ಇಳಿಸಿಕೊಂಡು ಬೆಳಕಿಗೆ ಹಿಡಿದು ನೋಡಬೇಕು. ನೀರು ಸೇರಿದ್ದರೆ ಅದು ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ. ಆಮೇಲೆ ಎಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಬೇಕು, ರೆಕ್ಕೆಯ ಅಂಚಿನ ಚಲಿಸುವ ಭಾಗಗಳನ್ನು ಕೈಯಿಂದ ಆಡಿಸಬೇಕು, ಬಾಲದ ತಿರುಪುಗಳನ್ನು ಪರೀಕ್ಷಿಸಬೇಕು. ನಿನ್ನೆ ಸರಿಯಿತ್ತು ಎಂಬ ಉತ್ತರಕ್ಕೆ ಇಲ್ಲಿ ಬೆಲೆಯಿಲ್ಲ.

ಹೆಚ್ಚಿನವರ ಭಯ ಎಂಜಿನ್ನಿನದು. ಇರುವುದೇ ಒಂದು ಎಂಜಿನ್, ಅದೂ ನಿಂತರೆ ಕಲ್ಲಿನ ಹಾಗೆ ಬೀಳುತ್ತದಲ್ಲವೇ ಎಂದು ಕೇಳುತ್ತಾರೆ. ಬೀಳುವುದಿಲ್ಲ. ಸೆಸ್ನಾದಂಥ ವಿಮಾನ ಎಂಜಿನ್ ನಿಂತ ಮೇಲೂ ಒಂದು ಕಿಲೋಮೀಟರ್ ಎತ್ತರ ಕಳೆದುಕೊಳ್ಳುವಷ್ಟರಲ್ಲಿ ಸುಮಾರು ಒಂಬತ್ತು ಕಿಲೋಮೀಟರ್ ಮುಂದೆ ತೇಲಬಲ್ಲದು. ಹೆಲಿಕಾಪ್ಟರಿಗೂ ಇಂಥದೊಂದು ದಾರಿಯಿದೆ. ಎಂಜಿನ್ ನಿಂತ ಕೂಡಲೇ, ಅಂದರೆ ಒಂದೆರಡು ಸೆಕೆಂಡಿನೊಳಗೆ, ಪೈಲಟ್ ಎಡಗೈಯ ಸನ್ನೆಕೋಲನ್ನು ಕೆಳಗಿಳಿಸಿ ಪಂಖಗಳ ಓರೆಯನ್ನು ಕಡಿಮೆ ಮಾಡಿದರೆ, ಕೆಳಗಿನಿಂದ ನುಗ್ಗುವ ಗಾಳಿಯೇ ಅವನ್ನು ತಿರುಗಿಸುತ್ತಿರುತ್ತದೆ. ಆ ತಿರುಗುವಿಕೆಯಲ್ಲಿ ಉಳಿದ ಶಕ್ತಿಯನ್ನು ನೆಲದ ಹತ್ತಿರ ಬಳಸಿಕೊಂಡು ಮೆಲ್ಲಗೆ ಇಳಿಯಬಹುದು. ಪ್ರತಿಯೊಬ್ಬ ಹೆಲಿಕಾಪ್ಟರ್ ಪೈಲಟ್ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿರುತ್ತಾನೆ. ಬೆಳಗಾವಿಯಲ್ಲೇ 2023ರ ಮೇ 30ರಂದು ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಸಾಂಬ್ರಾ ನಿಲ್ದಾಣದ ಹತ್ತಿರ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಅದೇ ತಿಂಗಳ 2ರಂದು ಬೆಂಗಳೂರಿನ ಜಕ್ಕೂರಿನಿಂದ ಮುಳಬಾಗಿಲಿಗೆ ಹೊರಟಿದ್ದ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರಿಗೆ ಹೊಸಕೋಟೆ ಬಳಿ ಹದ್ದು ಬಡಿದು ಮುಂದಿನ ಗಾಜು ಒಡೆಯಿತು. ಪೈಲಟ್ ತಿರುಗಿಸಿ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಸಿದರು. ಎರಡೂ ಕಡೆ ಕೆಟ್ಟಿದ್ದು ಯಂತ್ರವೇ, ಆದರೆ ಎರಡೂ ಕಡೆ ಪೈಲಟ್‌ಗೆ ನೆಲ ಕಾಣುತ್ತಿತ್ತು, ಇಳಿಯಲು ಜಾಗವಿತ್ತು.

ಇದಕ್ಕೆ ಎದುರಾಗಿ ಒಂದು ನೋವಿನ ಉದಾಹರಣೆ ಇದೆ, ಅದನ್ನು ಬದಿಗಿಡುವಂತಿಲ್ಲ. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಅವರು ಚುನಾವಣಾ ಪ್ರಚಾರಕ್ಕೆಂದು ಜಕ್ಕೂರಿನಿಂದ ಕರೀಂನಗರಕ್ಕೆ ಹೊರಟ ಸೆಸ್ನಾ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿದ್ದು ಹೊತ್ತಿ ಉರಿಯಿತು. ಸೌಂದರ್ಯ, ಅವರ ಸಹೋದರ ಅಮರನಾಥ್ ಸೇರಿ ನಾಲ್ವರು ಅಲ್ಲೇ ತೀರಿಕೊಂಡರು. ಮೇಲೇರುವಾಗಿನ ಮೊದಲ ಕೆಲವು ನೂರು ಅಡಿಗಳಲ್ಲಿ ವಿಮಾನಕ್ಕೆ ಎತ್ತರವೂ ಇರುವುದಿಲ್ಲ, ವೇಗವೂ ಕಡಿಮೆ. ತಪ್ಪು ತಿದ್ದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಅಲ್ಲಿ ಎಷ್ಟು ಅನುಭವವಿದ್ದರೂ ಉಪಯೋಗಕ್ಕೆ ಬಾರದ ಗಳಿಗೆಗಳಿವೆ, ನಿಜ. ಆದರೆ ಸುರಕ್ಷತೆಯ ಅಂಚನ್ನು ಅಗಲ ಮಾಡುವ ಅಥವಾ ಕಿರಿದು ಮಾಡುವ ತೀರ್ಮಾನಗಳು ನೆಲದ ಮೇಲೇ ಆಗಿರುತ್ತವೆ: ಎಷ್ಟು ಜನ ಹತ್ತಿದರು, ಎಷ್ಟು ಲಗೇಜು, ಎಷ್ಟು ಬಿಸಿಲು. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಮೇಲಿದೆ. ಏಪ್ರಿಲ್ ಮಧ್ಯಾಹ್ನದಲ್ಲಿ ತಾಪಮಾನ 38 ಡಿಗ್ರಿ ಮುಟ್ಟಿದರೆ ಕಾದು ತೆಳುವಾದ ಗಾಳಿಯಲ್ಲಿ ವಿಮಾನ ಸುಮಾರು 1,800 ಮೀಟರ್ ಎತ್ತರದಲ್ಲಿರುವಂತೆ ವರ್ತಿಸುತ್ತದೆ. ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಬೆಳಿಗ್ಗೆ ಏಳಕ್ಕೆ ನಾಲ್ವರನ್ನು ಸಲೀಸಾಗಿ ಹೊತ್ತ ಯಂತ್ರಕ್ಕೆ ಮಧ್ಯಾಹ್ನ ಎರಡಕ್ಕೆ ಮೂವರೇ ಭಾರ. ಇನ್ನೊಬ್ಬರು ಹತ್ತಿಕೊಳ್ಳಲಿ ಬಿಡಿ ಎನ್ನುವ ಮಾತು ನಮ್ಮ ಟೆಂಪೋ ಟ್ರ್ಯಾಕ್ಸುಗಳಲ್ಲಿ ನಡೆದೀತು, ಇಲ್ಲಿ ನಡೆಯದು.

ಯಂತ್ರದೋಷಕ್ಕಿಂತ ಹೆಚ್ಚು ಹೆದರಬೇಕಾದದ್ದು ಮೋಡಕ್ಕೆ, ಮತ್ತು ಈ ಮಾತು ಖಾನಾಪುರ ತಾಲ್ಲೂಕಿಗೆ ಹೊಂದುವಷ್ಟು ರಾಜ್ಯದ ಬೇರೆ ಕೆಲವೇ ಊರುಗಳಿಗೆ ಹೊಂದುತ್ತದೆ. ಬೆಳಗಾವಿಯಿಂದ ಖಾನಾಪುರ 26 ಕಿಲೋಮೀಟರ್, ಹೆಲಿಕಾಪ್ಟರಿಗೆ ಹತ್ತು ನಿಮಿಷದ ಹಾದಿಯೂ ಅಲ್ಲ. ಅಷ್ಟರಲ್ಲೇ ಆಕಾಶ ಬದಲಾಗುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಹಸಿ ಗಾಳಿ ಗೋವಾ ಕಡೆಯಿಂದ ಘಟ್ಟ ಏರಿದೊಡನೆ ತಣಿದು ಮೋಡವಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಸುಮಾರು 790 ಮೀಟರ್ ಎತ್ತರದಲ್ಲಿದೆ, ಸಾಂಬ್ರಾಕ್ಕಿಂತ ಹೆಚ್ಚೇನೂ ಎತ್ತರವಲ್ಲ; ಆದರೆ ಮಳೆಗಾಲದಲ್ಲಿ ಅಲ್ಲಿಯೂ ಆಮಗಾಂವದಲ್ಲಿಯೂ ಚೋರ್ಲಾ ಘಾಟಿನಲ್ಲಿಯೂ ಮೋಡ ಮರಗಳ ಮೇಲೇ ಕೂತಿರುತ್ತದೆ. ಸಾಂಬ್ರಾದಲ್ಲಿ ಬಿಸಿಲು ಬಿದ್ದಿದೆ ಎಂಬುದು ಜಾಂಬೋಟಿಯ ಹವಾಮಾನದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೋಡದೊಳಗೆ ಹೊಕ್ಕ ಪೈಲಟ್‌ಗೆ ದಿಗಂತ ಕಾಣುವುದಿಲ್ಲ. ಮೇಲೆ ಯಾವುದು, ಕೆಳಗೆ ಯಾವುದು ಎಂದು ಆಗ ಹೇಳುವುದು ಒಳಕಿವಿಯ ದ್ರವ ಮಾತ್ರ, ಮತ್ತು ಅದು ತಪ್ಪು ಹೇಳುತ್ತದೆ. ನಿಧಾನವಾಗಿ ಒಂದೇ ಕಡೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಕಿವಿ ಅದಕ್ಕೆ ಒಗ್ಗಿಕೊಂಡು ನೇರ ಹೋಗುತ್ತಿದ್ದೇವೆ ಎಂದು ನಂಬಿಸುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಮೋಡದಲ್ಲಿ ಹಾರಿ ರೂಢಿಯಿಲ್ಲದ 20 ಜನರಿಗೆ ಹೊರಗೆ ಕಾಣದಂತೆ ಮಾಡಿ, ಬೋಧಕರನ್ನು ಪಕ್ಕದಲ್ಲಿ ಕೂರಿಸಿ ವಿಮಾನ ನಡೆಸಲು ಕೊಟ್ಟರು. ಇಪ್ಪತ್ತು ಜನರೂ ಹತೋಟಿ ಕಳೆದುಕೊಂಡರು. ಸರಾಸರಿ ಸಮಯ 178 ಸೆಕೆಂಡು, ಮೂರು ನಿಮಿಷವೂ ಇಲ್ಲ.

ಅವರು ಕಲಿಯುವವರು, ಪಳಗಿದ ಪೈಲಟ್‌ಗೆ ಉಪಕರಣಗಳಿರುತ್ತವಲ್ಲ ಎಂಬ ಆಕ್ಷೇಪ ಸಹಜ. ಉಪಕರಣ ನೋಡಿಯೇ ಹಾರುವ ತರಬೇತಿ ಇದೆ, ದೊಡ್ಡ ವಿಮಾನಗಳು ದಿನವೂ ಮೋಡದೊಳಗೇ ಸಾಗುತ್ತವೆ. ಆದರೆ ಅವು ಗುಡ್ಡಗಳಿಗಿಂತ ಬಹಳ ಎತ್ತರದಲ್ಲಿ, ನಿಲ್ದಾಣದಿಂದ ನಿಲ್ದಾಣಕ್ಕೆ ಗೊತ್ತುಪಡಿಸಿದ ದಾರಿಯಲ್ಲಿ ಹೋಗುತ್ತವೆ. ಹೆಲಿಕಾಪ್ಟರ್ ಇಳಿಯಬೇಕಾದದ್ದು ಶಾಲೆಯ ಮೈದಾನದಲ್ಲಿ. ಅಲ್ಲಿಗೆ ದಾರಿ ತೋರಿಸುವ ರೇಡಿಯೊ ಕಿರಣವಿಲ್ಲ, ಕಣ್ಣೇ ಆಧಾರ. ಮೋಡ ಇಳಿದಷ್ಟೂ ಹೆಲಿಕಾಪ್ಟರೂ ಕೆಳಗಿಳಿಯುತ್ತದೆ, ಕೆಳಗಿಳಿದಷ್ಟೂ ಗುಡ್ಡ, ಮರ, ವಿದ್ಯುತ್ ತಂತಿ ಹತ್ತಿರವಾಗುತ್ತವೆ. 2021ರ ಡಿಸೆಂಬರ್ 8ರಂದು ಕೂನೂರು ಬಳಿ ಬಿದ್ದ ಎಂಐ-17ವಿ5 ಎರಡು ಎಂಜಿನ್ನಿನ ಬಲಿಷ್ಠ ಹೆಲಿಕಾಪ್ಟರ್, ನಡೆಸುತ್ತಿದ್ದವರು ವಾಯುಪಡೆಯ ಅನುಭವಿಗಳು. ಜನರಲ್ ಬಿಪಿನ್ ರಾವತ್ ಸೇರಿ ಅದರಲ್ಲಿದ್ದ 14 ಜನರೂ ಉಳಿಯಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ಕಣಿವೆಯಲ್ಲಿ ಹವಾಮಾನ ಇದ್ದಕ್ಕಿದ್ದಂತೆ ಬದಲಾಗಿ ಮೋಡ ಹೊಕ್ಕಾಗ ಪೈಲಟ್‌ಗೆ ದಿಕ್ಕಿನ ಅರಿವು ತಪ್ಪಿತು ಎಂದು ಸೇನಾ ತನಿಖಾ ಮಂಡಳಿ ಪ್ರಾಥಮಿಕ ವರದಿಯಲ್ಲಿ ಹೇಳಿತು. 2009ರ ಸೆಪ್ಟೆಂಬರ್ 2ರಂದು ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿದ್ದದ್ದೂ ಕೆಟ್ಟ ಹವೆಯಲ್ಲಿ. ಗೇರ್‌ಬಾಕ್ಸಿನ ಆಯಿಲ್ ಒತ್ತಡದ ಎಚ್ಚರಿಕೆ ಬಂದಿತ್ತು, ನಿಜ. ಆದರೆ ಮಳೆಮೋಡದ ನಡುವೆ ಇಬ್ಬರು ಪೈಲಟ್‌ಗಳ ಗಮನವೂ ಹಲವು ನಿಮಿಷ ಅದರಲ್ಲೇ ಸಿಕ್ಕಿಬಿದ್ದಿತ್ತು. ಕೇದಾರನಾಥದ ಕಣಿವೆಯಲ್ಲಿ 2022ರ ಅಕ್ಟೋಬರ್ 18ರಂದೂ 2025ರ ಜೂನ್ 15ರಂದೂ ಏಳೇಳು ಜನ ಸತ್ತ ದುರಂತಗಳಲ್ಲಿ ಮತ್ತೆ ಅದೇ ಮಂಜು, ಅದೇ ಮೋಡ.

ಅನುಭವಿಗಳು ಹೀಗೇಕೆ ಮುಂದೆ ಹೋಗುತ್ತಾರೆ? ಹಿಂದೆ ಕೂತವರ ಹೆಸರು ಇದರಲ್ಲಿ ವಹಿಸುವ ಪಾತ್ರ ಸಣ್ಣದಲ್ಲ. ರಾಜಶೇಖರ ರೆಡ್ಡಿ, ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಂಡು, ಲೋಕಸಭಾ ಸ್ಪೀಕರ್ ಬಾಲಯೋಗಿ, ಮಾಧವರಾವ್ ಸಿಂಧಿಯಾ: ಹತ್ತು ವರ್ಷದೊಳಗೆ ಸಣ್ಣ ವಿಮಾನ, ಹೆಲಿಕಾಪ್ಟರುಗಳಲ್ಲಿ ಇಷ್ಟು ಜನನಾಯಕರನ್ನು ಕಳೆದುಕೊಂಡ ದೇಶ ನಮ್ಮದು. ಹತ್ತು ಸಾವಿರ ಜನ ಬಿಸಿಲಲ್ಲಿ ಕಾಯುತ್ತಿದ್ದಾರೆ, ಇನ್ನೂ ಮೂರು ಸಭೆ ಬಾಕಿ ಇವೆ, ಸಂಜೆಯೊಳಗೆ ಹಿಂತಿರುಗಬೇಕು ಎಂಬ ಲೆಕ್ಕ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಪೈಲಟ್‌ನ ತಲೆಯಲ್ಲಿ ಓಡುತ್ತಿರುತ್ತದೆ. ನಮ್ಮಲ್ಲಿ ಚುನಾವಣೆ ಬರುವುದೇ ಏಪ್ರಿಲ್-ಮೇ ತಿಂಗಳಲ್ಲಿ, ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲಿನ ಮಳೆ ಕಟ್ಟಿಕೊಂಡು ಬರುವ ಕಾಲ. 2023ರ ಮಾರ್ಚ್ 6ರಂದು ಜೇವರ್ಗಿಯಲ್ಲಿ ಬಿ.ಎಸ್. ಯಡಿಯೂರಪ್ಪ ಅವರ ಹೆಲಿಕಾಪ್ಟರ್ ಇಳಿಯುವಾಗ ಮೈದಾನದಲ್ಲಿದ್ದ ಪ್ಲಾಸ್ಟಿಕ್ ಹಾಳೆಗಳು ಪಂಖದ ಗಾಳಿಗೆ ಮೇಲೆದ್ದವು. ಪೈಲಟ್ ಇಳಿಸದೆ ಮತ್ತೆ ಮೇಲೇರಿದರು, ಮೈದಾನ ಶುಚಿಯಾದ ಮೇಲೆ ಬಂದು ಇಳಿಸಿದರು. ಕೆಳಗೆ ನೆರೆದವರು ಅದನ್ನು ಗಾಬರಿಯಿಂದ ನೋಡಿದರು, ವಾಹಿನಿಗಳು ‘ಕೂದಲೆಳೆಯಲ್ಲಿ ಪಾರು’ ಎಂಬ ಧಾಟಿಯಲ್ಲಿ ತೋರಿಸಿದವು. ನನ್ನ ಮಟ್ಟಿಗೆ ಅದು ಅಂದಿನ ಅತ್ಯುತ್ತಮ ಕೆಲಸ. ಸ್ವಾಗತಕ್ಕೆ ನಿಂತವರನ್ನು ಕಾಯಿಸಿ ಮೇಲೇರಿದ ಆ ಪೈಲಟ್‌ಗೆ ಮೆಚ್ಚುಗೆ ಸಿಗಬೇಕಿತ್ತು.

ಇಷ್ಟೆಲ್ಲ ಅಪಾಯವಿದ್ದರೆ ಇವನ್ನು ಬಿಟ್ಟೇಬಿಡಬಾರದೇಕೆ ಎನ್ನುವವರಿದ್ದಾರೆ. 2019ರ ಆಗಸ್ಟ್ ನೆನಪಿರುವ ಬೆಳಗಾವಿ ಜಿಲ್ಲೆಯವರು ಹಾಗೆನ್ನಲಾರರು. ಘಟಪ್ರಭೆ, ಮಲಪ್ರಭೆ, ಕೃಷ್ಣೆ ಒಟ್ಟಿಗೇ ಉಕ್ಕಿ ಊರುಗಳು ನಡುಗಡ್ಡೆಯಾದಾಗ ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. ಅದೇ ದಿನಗಳಲ್ಲಿ ಹಂಪಿಯ ಎದುರಿನ ವಿರೂಪಾಪುರಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನೂ ಹೆಲಿಕಾಪ್ಟರುಗಳೇ ಹೊತ್ತು ತಂದವು. ದೋಣಿ ಹೋಗಲಾರದ ಸೆಳವಿನ ಮೇಲೆ ಬೇರೆ ದಾರಿಯೇ ಇರಲಿಲ್ಲ. ಅಲ್ಲಿ ಪೈಲಟ್ ಹೆಚ್ಚಿನ ಅಪಾಯ ಮೈಮೇಲೆ ಎಳೆದುಕೊಂಡರೆ ಅದಕ್ಕೆ ಅರ್ಥವಿದೆ, ತಕ್ಕಡಿಯ ಇನ್ನೊಂದು ಬದಿಯಲ್ಲಿ ಜೀವವಿದೆ. ಭಾಷಣಕ್ಕೋ ಮದುವೆಯ ಮೇಲೆ ಹೂಮಳೆ ಸುರಿಸುವುದಕ್ಕೋ ಅದೇ ಅಪಾಯ ತೆಗೆದುಕೊಳ್ಳಲು ಯಾವ ಕಾರಣವೂ ಇಲ್ಲ. ರಸ್ತೆಯಲ್ಲಿ ಇದಕ್ಕಿಂತ ಹೆಚ್ಚು ಜನ ಸಾಯುತ್ತಾರೆ ಎಂಬ ವಾದವೂ ಕೇಳಿಬರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತದ್ದು ನಿಜ. ಆದರೆ ರಸ್ತೆಗಿಳಿಯುವವರು ಕೋಟಿಗಟ್ಟಲೆ, ಸಣ್ಣ ವಿಮಾನ ಹತ್ತುವವರು ಬೆರಳೆಣಿಕೆ. ಆ ಹೋಲಿಕೆಯಿಂದ ಧೈರ್ಯ ತಂದುಕೊಳ್ಳುವುದು ಸರಿಯಲ್ಲ.

ಸಾಂಬ್ರಾದಲ್ಲಿ ಕಲಿತು ಹೊರಬೀಳುವ ಹುಡುಗ ಹುಡುಗಿಯರು ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಿರಬೇಕು. ಆ ಗಂಟೆಗಳನ್ನು ಬೇಗ ಮುಗಿಸಲಿ ಎಂದು ಸಾಲ ಮಾಡಿ ಫೀಸು ಕಟ್ಟಿದ ತಂದೆ-ತಾಯಿಗೆ ಆತುರವಿರುವುದು ಸಹಜ. ಮಳೆಗಾಲದಲ್ಲಿ ದಿನಗಟ್ಟಲೆ ಮಗ ಹಾರಲಿಲ್ಲ ಎಂದು ಶಾಲೆಯ ಮೇಲೆ ಸಿಟ್ಟಾಗುವ ಮುನ್ನ, ಹಾರಿಸದಿದ್ದದ್ದು ಪಾಠದ ಭಾಗವೆಂದು ತಿಳಿಯಬೇಕು. ಖಾನಾಪುರ, ನಂದಗಡ, ಜಾಂಬೋಟಿ ಕಡೆ ಹೆಲಿಪ್ಯಾಡ್ ಮಾಡಿಸುವ ಕಾರ್ಯಕರ್ತರಲ್ಲಿಯೂ ವಿನಂತಿ ಇದೆ. ಮೈದಾನಕ್ಕೆ ನೀರು ಹೊಡೆಸಿ ಧೂಳು ಅಡಗಿಸಿ. ಬ್ಯಾನರು, ತಾಡಪತ್ರಿ, ಪ್ಲಾಸ್ಟಿಕ್ ಚೀಲ ಒಂದೂ ಉಳಿಯದಂತೆ ನೋಡಿಕೊಳ್ಳಿ. ಪಂಖ ಪೂರ್ತಿ ನಿಲ್ಲುವ ತನಕ ಹಾರ ಹಿಡಿದು ಓಡುವವರನ್ನು ತಡೆಯಿರಿ, ಬಾಲದ ಕಡೆಗಂತೂ ಯಾರನ್ನೂ ಬಿಡಬೇಡಿ. ಅಲ್ಲಿ ತಿರುಗುವ ಸಣ್ಣ ಪಂಖ ಕಣ್ಣಿಗೆ ಕಾಣಿಸುವುದೇ ಇಲ್ಲ. ಇದೆಲ್ಲಕ್ಕಿಂತ ಮುಖ್ಯವಾಗಿ ಸಾಂಬ್ರಾದಲ್ಲಿ ಎರಡು ಕಾರು ಸಿದ್ಧವಾಗಿಡಿ. ಘಟ್ಟದ ಮೇಲೆ ಮೋಡ ಇಳಿದಿದೆ, ಇವತ್ತು ಹೋಗಲಾಗದು ಎಂದು ಪೈಲಟ್ ಹೇಳಿದರೆ ಎರಡನೆಯ ಮಾತಾಡದೆ ಆ ಕಾರು ಹತ್ತಿಸಿ. ಸಾಂಬ್ರಾದಿಂದ ಖಾನಾಪುರಕ್ಕೆ ರಸ್ತೆಯಲ್ಲಿ ಹೋದರೆ ತಡವಾಗುವುದು ಹೆಚ್ಚೆಂದರೆ ಒಂದು ಗಂಟೆ.