ಊಟದ ಡಬ್ಬಿಯಿಂದ ಕತೆಯ ಪುಟಕ್ಕೆ

ಸೂರಜ್‌ಗೆ ಕೊಬ್ಬರಿ ಬರ್ಫಿ ತಿನ್ನುವ ಆಸೆ. ಅವನ ಅಜ್ಜಿ ಅಮ್ಮಚ್ಚಿಗೆ ಯಂತ್ರಗಳೆಂದರೆ ಪ್ರಾಣ. ಸರಿ, ಬರ್ಫಿ ಮಾಡುವ ಕೆಲಸಕ್ಕೆ ಸನ್ನೆ, ರಾಟೆ, ಇಳಿಜಾರಿನಂಥ ಸರಳ ಯಂತ್ರಗಳೆಲ್ಲ ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ. ರಾಜೀವ್ ಐಪ್ ಬರೆದು ಚಿತ್ರ ಬಿಡಿಸಿದ ‘ಅಮ್ಮಚ್ಚೀಸ್ ಅಮೇಜಿಂಗ್ ಮಷೀನ್ಸ್’ ಪುಸ್ತಕದ ಹುರುಳು ಇಷ್ಟೇ. ವಿಷಯ ವಿಜ್ಞಾನದ್ದಾದರೂ ಓದುವ ಮಗುವಿಗೆ ಅದು ಪಾಠ ಅನ್ನಿಸುವುದಿಲ್ಲ. ಅದರ ಗಮನವೆಲ್ಲ ಬರ್ಫಿಯ ಮೇಲೆ.

ಈ ಪುಸ್ತಕವನ್ನು ಹೊರತಂದದ್ದು ಬೆಂಗಳೂರಿನ ಪ್ರಥಮ್ ಬುಕ್ಸ್. ಪ್ರತಿ ಮಗುವಿನ ಕೈಯಲ್ಲೂ ಒಂದು ಪುಸ್ತಕ ಇರಬೇಕೆಂಬ ಹಂಬಲದಿಂದ ರೋಹಿಣಿ ನಿಲೇಕಣಿ ಮತ್ತು ಸಂಗಡಿಗರು 2004ರಲ್ಲಿ ಕಟ್ಟಿದ ಲಾಭರಹಿತ ಸಂಸ್ಥೆ ಇದು. 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು, ಈ ಸಂಸ್ಥೆ ‘ಸ್ಟೋರಿವೀವರ್’ ಎಂಬ ಡಿಜಿಟಲ್ ಕತೆಗಳ ಭಂಡಾರವನ್ನು ತೆರೆಯಿತು. ಆಗ ಇದ್ದದ್ದು 24 ಭಾಷೆಗಳ 800 ಕತೆಗಳು. ಇಂದು ಭಾಷೆಗಳ ಸಂಖ್ಯೆಯೇ 300 ದಾಟಿದೆ. ಕನ್ನಡದ ಕತೆಗಳೂ ಅಲ್ಲಿ ಧಾರಾಳವಾಗಿವೆ. ಓದಲು ದುಡ್ಡು ಕೊಡಬೇಕಿಲ್ಲ. ಅಲ್ಲಿರುವ ಚಿತ್ರಗಳನ್ನು ಆಯ್ದುಕೊಂಡು ಸ್ವಂತ ಕತೆ ಬರೆಯಬಹುದು, ಬೇರೆ ಭಾಷೆಯ ಕತೆಯನ್ನು ಕನ್ನಡಕ್ಕೆ ತರಬಹುದು. ಮಕ್ಕಳ ಪುಸ್ತಕಗಳ ಲೋಕದಲ್ಲಿ ಇದು ಸಣ್ಣ ಸಂಗತಿಯಲ್ಲ. ಓದುಗರಿಗೆ ತೆರೆದ ಬಾಗಿಲಿನಲ್ಲೇ ಬರೆಯುವವರೂ ಒಳಗೆ ಬರಬಹುದು.

ಹಾಗೆ ಬರೆಯಲು ಕೂತ ಮಗುವಿಗೆ ಯಾವ ವಿಷಯ ಕೊಡಬೇಕು? ‘ನನ್ನ ಶಾಲೆ’, ‘ಮಳೆಗಾಲ’, ‘ಪರಿಸರ ಸಂರಕ್ಷಣೆ’ ಎಂದರೆ ಮಕ್ಕಳು ಪಠ್ಯಪುಸ್ತಕದ ವಾಕ್ಯಗಳನ್ನೇ ತಿರುಗಿಸಿ ಬರೆದುಕೊಡುತ್ತಾರೆ. ಊಟದ ಮಾತು ಹಾಗಲ್ಲ. ತನ್ನ ಡಬ್ಬಿಯಲ್ಲಿ ಏನಿತ್ತು, ಅದನ್ನು ಯಾರು ಕಸಿದು ತಿಂದರು, ಬೆಳಿಗ್ಗೆ ಬಿಸಿಯಿದ್ದ ಉಪ್ಪಿಟ್ಟು ಮಧ್ಯಾಹ್ನದ ಹೊತ್ತಿಗೆ ಏನಾಗಿತ್ತು ಎಂಬುದನ್ನು ಎಂಟು ವರ್ಷದ ಹುಡುಗಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಈ ವಿಷಯದಲ್ಲಿ ಅವಳೇ ಪಂಡಿತೆ. ಬೆಂಗಳೂರಿನ ಬಿಟಿಎಂ ಲೇಔಟ್‌ನಂಥ ಕಡೆ, ದೇಶದ ಎಲ್ಲ ಮೂಲೆಗಳಿಂದ ಕೆಲಸಕ್ಕೆ ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅಲ್ಲಿ ಜೋಳದ ರೊಟ್ಟಿ, ಪುಟ್ಟು, ಪರಾಠ, ಚಿತ್ರಾನ್ನಗಳ ಡಬ್ಬಿಗಳು ಒಟ್ಟಿಗೆ ತೆರೆದುಕೊಂಡರೆ ಕತೆಗಳಿಗೆ ಬರವಿಲ್ಲ.

ಕನ್ನಡದ ಕತೆಗಳಿಗೆ ಊಟ ಹೊಸದೇನೂ ಅಲ್ಲ. ಅತ್ತೆ ಮನೆಯಲ್ಲಿ ಕಡುಬು ತಿಂದು ಬಂದ ಅಳಿಯ, ಹೆಸರು ಮರೆಯದಿರಲೆಂದು ದಾರಿಯುದ್ದಕ್ಕೂ ‘ಕಡುಬು, ಕಡುಬು’ ಎನ್ನುತ್ತಾ ನಡೆದು, ಹಳ್ಳ ದಾಟುವ ಒಂದೇ ನೆಗೆತಕ್ಕೆ ಅದನ್ನು ಮರೆತುಬಿಟ್ಟ ಕತೆಗೆ ನಗದ ಮಕ್ಕಳಿಲ್ಲ. ಹೊಟ್ಟೆ ಬಿರಿಯುವಷ್ಟು ಕಡುಬು ತಿಂದ ಗಣಪ, ಅವನನ್ನು ಕಂಡು ನಕ್ಕ ಚಂದ್ರ, ಬೆಣ್ಣೆ ಹಂಚಲು ಬಂದ ಕೋತಿ ಎಲ್ಲರೂ ಇದೇ ಪಂಕ್ತಿಯವರು. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಲಸನ್ನದ ಕೈತುತ್ತು ಹಾಕುತ್ತಲೇ ಅಜ್ಜಿಯರು ಈ ಕತೆಗಳನ್ನು ಹೇಳಿದ್ದು.

ಇವೆಲ್ಲಕ್ಕೂ ಮಿಗಿಲಾದ ಊಟದ ಕತೆ ಕನಕದಾಸರ ‘ರಾಮಧಾನ್ಯ ಚರಿತೆ’. ಲಂಕೆಯಿಂದ ಹಿಂದಿರುಗುತ್ತಿದ್ದ ರಾಮನ ಮುಂದೆ, ಧಾನ್ಯಗಳಲ್ಲಿ ಯಾರು ದೊಡ್ಡವರು ಎಂದು ಅಕ್ಕಿಗೂ ರಾಗಿಗೂ ಜಗಳ ಹತ್ತುತ್ತದೆ. ಅಕ್ಕಿಗೆ ತನ್ನ ಕುಲದ, ತನ್ನನ್ನು ಉಣ್ಣುವ ಸಿರಿವಂತರ ಜಂಬ. ಬಡವರ ಮುಖವನ್ನೇ ನೋಡದವನು ನೀನು ಎಂದು ರಾಗಿ ತಿರುಗಿ ಬೀಳುತ್ತದೆ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಲು ಅಪ್ಪಣೆಯಾಗುತ್ತದೆ. ಬಾಗಿಲು ತೆರೆದಾಗ ಅಕ್ಕಿ ಸೊರಗಿ ಸತ್ವ ಕಳೆದುಕೊಂಡಿದೆ, ರಾಗಿ ಮಾತ್ರ ಗಟ್ಟಿಯಾಗಿ ಉಳಿದಿದೆ. 16ನೇ ಶತಮಾನದಲ್ಲಿ ಭಾಮಿನಿ ಷಟ್ಪದಿಯಲ್ಲಿ ಬರೆದ ಈ ಕಾವ್ಯ ಇಂದಿನ ತರಗತಿಯಲ್ಲೂ ಸಲೀಸಾಗಿ ಕೂರುತ್ತದೆ. ಕತೆ ಹೇಳಿ ಮುಗಿಸಿ, ‘ಈಗ ಶಾವಿಗೆಗೂ ನೂಡಲ್ಸ್‌ಗೂ ಜಗಳ ಹಚ್ಚಿ’ ಎಂದರೆ ಸಾಕು, ಸುಮ್ಮನೆ ಕೂರುವ ಮಕ್ಕಳ ಪೆನ್ಸಿಲ್ಲೂ ಓಡತೊಡಗುತ್ತದೆ.

ದಕ್ಷಿಣ ಬೆಂಗಳೂರಿನ ಮಕ್ಕಳಿಗಂತೂ ಕತೆಯ ಬೀಜ ಹುಡುಕಲು ದೂರ ಹೋಗಬೇಕಿಲ್ಲ. ಬಸವನಗುಡಿ ಒಂದು ಕಾಲಕ್ಕೆ ಸುಂಕೇನಹಳ್ಳಿಯಾಗಿತ್ತು. ಅಲ್ಲಿನ ಕಡಲೆಕಾಯಿ ಹೊಲಗಳಿಗೆ ನುಗ್ಗಿ ಬೆಳೆ ತಿನ್ನುತ್ತಿದ್ದ ಬಸವನನ್ನು ಸಮಾಧಾನಪಡಿಸಲು ರೈತರು ಮೊದಲ ಫಸಲನ್ನು ಅವನಿಗೇ ಅರ್ಪಿಸತೊಡಗಿದರು ಎಂಬುದು ಐತಿಹ್ಯ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಆ ಕತೆಯನ್ನು ಇಂದಿಗೂ ರಸ್ತೆಯ ಮೇಲೆ ರಾಶಿ ಹಾಕಿ ತೋರಿಸುತ್ತದೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನವರು ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೇ ಹೋದಾಗ ಎನ್ನುತ್ತಾರೆ. ವಿ.ವಿ. ಪುರಂನ ತಿಂಡಿ ಬೀದಿಯಲ್ಲಿ ಚಳಿಗಾಲ ಬಂತೆಂದರೆ ಅವರೆಕಾಯಿಯದೇ ದರ್ಬಾರು. ಜಯನಗರದವರೇ ಆದ ಸುಧಾ ಮೂರ್ತಿ 2020ರಲ್ಲಿ ಈರುಳ್ಳಿಗೆ ಪದರಗಳು ಹೇಗೆ ಬಂದವೆಂಬುದನ್ನೇ ಮಕ್ಕಳ ಪುಸ್ತಕ ಮಾಡಿದರು. ಅವರ ‘ಗ್ರ್ಯಾಂಡ್‌ಪೇರೆಂಟ್ಸ್ ಬ್ಯಾಗ್ ಆಫ್ ಸ್ಟೋರೀಸ್’ಗೆ 2023ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು.

ದೊಡ್ಡವರು ಬರೆಯುವ ಊಟದ ಕತೆಗಳಲ್ಲಿ ಒಂದು ದೋಷ ಮತ್ತೆ ಮತ್ತೆ ಕಾಣುತ್ತದೆ. ಸೊಪ್ಪು ತಿಂದ ಹುಡುಗ ಓಟದಲ್ಲಿ ಗೆಲ್ಲುತ್ತಾನೆ, ಚಿಪ್ಸ್ ತಿಂದವಳಿಗೆ ಹೊಟ್ಟೆನೋವು ಬರುತ್ತದೆ. ಮಕ್ಕಳನ್ನೇ ಬರೆಯಲು ಬಿಟ್ಟರೆ ಈ ಉಪದೇಶ ತಾನಾಗಿ ಉದುರಿಹೋಗುತ್ತದೆ. ಹಾಲು ಉಕ್ಕಿತು, ಸಾರಿಗೆ ಎರಡು ಸಲ ಉಪ್ಪು ಬಿತ್ತು, ಡಿಸೆಂಬರ್ ಚಳಿಗೆ ದೋಸೆ ಹಿಟ್ಟು ಹುಳಿ ಬರಲೇ ಇಲ್ಲ ಎಂಬಂಥ ಎಡವಟ್ಟುಗಳಲ್ಲೇ ಅವರಿಗೆ ಕತೆ ಕಾಣುವುದು. ಬಾಲ್ಯದ ರುಚಿ ದೊಡ್ಡವರಾದ ಮೇಲೂ ಕತೆಯಾಗಬಲ್ಲದು. ಇಂಗ್ಲೆಂಡಿನ ರೆಪ್ಟನ್ ಶಾಲೆಯ ಹುಡುಗರಿಗೆ ಕ್ಯಾಡ್‌ಬರಿ ಕಂಪನಿ ಹೊಸ ಚಾಕೊಲೇಟುಗಳ ಪೆಟ್ಟಿಗೆ ಕಳಿಸಿ ರುಚಿ ನೋಡಿ ಹೇಳಿರೆಂದು ಕೇಳುತ್ತಿತ್ತು. ಹಾಗೆ ರುಚಿ ನೋಡಿದ ಹುಡುಗರಲ್ಲಿ ರಾಲ್ಡ್ ಡಾಲ್ ಒಬ್ಬ. ಅವನ ‘ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ’ ಬಂದದ್ದು 1964ರಲ್ಲಿ. ನಾಲಿಗೆಯ ನೆನಪು ಅಲ್ಲಿಯವರೆಗೂ ಕಾದಿತ್ತು.

ಆದರೆ ಊಟದ ಬಗ್ಗೆ ಬರೆಸುವವರು ಬಹಳ ಎಚ್ಚರದಿಂದಿರಬೇಕು. ತಟ್ಟೆಯಲ್ಲಿ ಏನಿದೆ ಎಂದು ಕೇಳಿದ ಕೂಡಲೇ ಜಾತಿ, ಬಡತನ, ಊರು ಎಲ್ಲ ಅದರ ಹಿಂದೆಯೇ ಬರುತ್ತವೆ. ಮೊಟ್ಟೆ, ಮೀನು, ಮಾಂಸದ ಹೆಸರು ಬರೆಯಲು ಹಿಂಜರಿಯುವ ಮಕ್ಕಳಿದ್ದಾರೆ, ಡಬ್ಬಿಯೇ ಇಲ್ಲದ ಮಕ್ಕಳೂ ಇದ್ದಾರೆ. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುತ್ತಾ ಅಕ್ಷಯ ಪಾತ್ರ ಶುರುವಾದದ್ದು, 2002ರಿಂದ ರಾಜ್ಯದಲ್ಲಿ ಅಕ್ಷರ ದಾಸೋಹ ಹಬ್ಬಿದ್ದು ಈ ಹಸಿವಿನ ಕಾರಣದಿಂದಲೇ. ‘ನಿಮ್ಮಮ್ಮ ಏನು ಅಡುಗೆ ಮಾಡಿದರು’ ಎಂದು ಕೇಳುವುದಕ್ಕಿಂತ ‘ನೀನು ತಿಂದದ್ದರಲ್ಲಿ ಮರೆಯಲಾಗದ್ದು ಯಾವುದು’ ಎಂದು ಕೇಳುವುದು ಮೇಲು. ಆಗ ಶಾಲೆಯ ಬಿಸಿಯೂಟದ ಸಾಂಬಾರಿಗೂ ಅಜ್ಜಿ ಊರಿನ ಒಣಮೀನಿಗೂ ಮದುವೆ ಮನೆಯ ಹೋಳಿಗೆಗೂ ಒಂದೇ ಪಂಕ್ತಿಯಲ್ಲಿ ಜಾಗ ಸಿಗುತ್ತದೆ. ಮನೆಮಾತಿನ ಪದಗಳನ್ನು ಕೆಂಪು ಶಾಯಿಯಲ್ಲಿ ತಿದ್ದದಿದ್ದರೆ ಇನ್ನೂ ಒಳ್ಳೆಯದು.

ಮಕ್ಕಳು ಬರೆದದ್ದನ್ನು ಪುಸ್ತಕ ಮಾಡುವುದು ಈಗ ಕಷ್ಟವಿಲ್ಲ. ಸ್ಟೋರಿವೀವರ್‌ನ ಕತೆಗಳಿಗೆ ನಾಲ್ಕು ಓದಿನ ಹಂತಗಳಿವೆ. ಮೊದಲ ಹಂತದ ಕತೆ 250 ಪದಗಳ ಒಳಗೇ ಮುಗಿಯುತ್ತದೆ, ಎಳೆಯ ಕೈಗೆ ಅದು ಸರಿಯಾದ ಅಳತೆ. ಟೈಪ್ ಮಾಡುವ, ಚಿತ್ರ ಜೋಡಿಸುವ ಕೆಲಸವನ್ನು ಶಿಕ್ಷಕರೋ ಪೋಷಕರೋ ಮಾಡಿಕೊಡಬಹುದು. ಬನಶಂಕರಿಯ ಮಗುವೊಂದು ಬರೆದ ರಾಗಿಮುದ್ದೆಯ ಕತೆಯನ್ನು ಪಕ್ಕದ ಬೆಂಚಿನ ಗೆಳತಿ ಬಂಗಾಳಿಗೋ ಒಡಿಯಾಕ್ಕೋ ಅನುವಾದಿಸಬಹುದು. ಪ್ರಕಟವಾದ ಕತೆಯನ್ನು ಯಾರು ಬೇಕಾದರೂ ಇಳಿಸಿಕೊಂಡು ಮುದ್ರಿಸಿ, ಪಿನ್ ಹೊಡೆದು, ಶಾಲೆಯ ಗ್ರಂಥಾಲಯಕ್ಕೆ ಸೇರಿಸಬಹುದು. ಮುಕ್ತ ಪರವಾನಗಿಯ ನಿಯಮದಂತೆ ಮುದ್ರಿಸುವವರು ಲೇಖಕರ ಹೆಸರನ್ನು ಕೈಬಿಡುವಂತಿಲ್ಲ. ಲೇಖಕಿ ಮೂರನೇ ತರಗತಿಯವಳಾದರೂ ನಿಯಮ ಅದೇ.